ಭರತವಾಕ್ಯಕ್ಕೆ ಮುನ್ನ

ಚಂದ್ರೆ ಹೊಳೆ ಮಣಲಕೋಟೆಯನ್ನು ಮೂರು ದಿಕ್ಕಿನಿಂದ ಬಳಸಿ ಹರಿಯುತ್ತಿತ್ತು. ಚೈತ್ರದಲ್ಲಿ ನೀರು ಇಳಿದು ದಡದ ಬಿಳಿಯ ಮರಳು ಅಗಲವಾಗಿ ತೆರೆದುಕೊಂಡಾಗ, ಕೆಂಪು ಕಲ್ಲಿನ ಆ ರಾಜಧಾನಿ ಮಡಿಬಟ್ಟೆಯ ಮೇಲೆ ಇಟ್ಟ ಕುಂಕುಮದ ಭರಣಿಯಂತೆ ದೂರದ ದಾರಿಹೋಕರಿಗೆ ಕಾಣುತ್ತಿತ್ತು. ವಸಂತೋತ್ಸವದ ಕೊನೆಯ ದಿನ ನಡುಹಗಲಿಗೆ ಮುನ್ನವೇ ರಾಜಬೀದಿ ತುಂಬಿತು. ಆನೆಬಾಗಿಲ ಬಳಿ ಪಟ್ಟದಾನೆಯ ಸಿಂಗಾರ ಮುಗಿಸಿದ ಮಾವುತರು ಉಳಿದ ಸಿಂಧೂರವನ್ನು ಒಬ್ಬರ ಮುಖಕ್ಕೊಬ್ಬರು ಬಳಿದು ನಗುತ್ತಿದ್ದರು. ನೇಕಾರರ ಕೇರಿಯಲ್ಲಿ ಮಾಳಿಗೆಗಳಿಂದ ಇಳಿಬಿಟ್ಟ ಹೊಸ ಸೀರೆಗಳು ಗಾಳಿಗೆ ಉಬ್ಬುತ್ತಿದ್ದವು. ಗಂಧ ತೇಯುವವರು, ಹೂ ಕಟ್ಟುವವರು, ಕಮ್ಮಾರರು, ಸೆಟ್ಟಿಗಳು, ದೇವಾಲಯದ ಅರ್ಚಕರು ಎಲ್ಲರೂ ಒಂದೇ ಕಡೆಗೆ ನಡೆಯುತ್ತಿದ್ದರು. ಆ ದಿನ ಅರಮನೆಯ ನಾಟ್ಯಶಾಲೆಯಲ್ಲಿ ಆಸ್ಥಾನಕವಿ ಸೋವರಸನ ಹೊಸ ನಾಟಕವಿತ್ತು.

ಆ ನಾಟ್ಯಶಾಲೆಗೆ ತನ್ನದೇ ಕಟ್ಟಳೆಗಳಿದ್ದವು. ಆಯುಧಗಳನ್ನು ಹೊರಗೆ ಇಟ್ಟು ಬರಬೇಕು. ನಾಂದಿ ಹಾಡಿದ ಮೇಲೆ ದೊಡ್ಡ ಬಾಗಿಲಿಗೆ ಅಗಳಿ ಬೀಳುತ್ತಿತ್ತು. ಆಟದ ಕೊನೆಯಲ್ಲಿ ಸೂತ್ರಧಾರ ನಾಡಿಗೆ ಒಳಿತು ಕೋರುವ ಭರತವಾಕ್ಯವನ್ನು ನುಡಿದು, ಶಂಖ ಊದಿದ ಮೇಲೆಯೇ ಅದು ತೆರೆಯುತ್ತಿತ್ತು. ಅಲ್ಲಿಯವರೆಗೆ ಅರಸನಾದರೂ ಕುಳಿತಲ್ಲಿಂದ ಏಳುವಂತಿರಲಿಲ್ಲ. ಹಿಂದೊಮ್ಮೆ ಆಟದ ನಡುವೆ ಎದ್ದುಹೋದ ಅರಸನೊಬ್ಬ ಮರುವಾರವೇ ಯುದ್ಧದಲ್ಲಿ ಬಿದ್ದನೆಂಬ ಭಯ ಊರಿನಲ್ಲಿ ಇನ್ನೂ ಹಸಿಯಾಗಿತ್ತು. ಒಳಗೆ ದೀಪ ಹಚ್ಚುವ ರೂಢಿಯೂ ಇರಲಿಲ್ಲ. ಸೂರ್ಯ ಮುಳುಗುವುದರೊಳಗೆ ಭರತವಾಕ್ಯ ಆಗಲೇಬೇಕಿತ್ತು.

ಇನ್ನೊಂದು ಕಟ್ಟಳೆ ಸಿಂಹಾಸನದ ಬೆಳ್ಳಿತಟ್ಟೆಯದು. ಅಂಕ ಮುಗಿದಾಗಲೆಲ್ಲ ಅರಸನ ಪೀಠದಿಂದ ಆ ತಟ್ಟೆ ಹೊರಗೆ ಬರುತ್ತಿತ್ತು. ಅದರಲ್ಲಿ ಹೂವಿದ್ದರೆ ಆಟ ಮುಂದುವರಿಯಲಿ ಎಂದು ಅಪ್ಪಣೆ. ವೀಳ್ಯವಿದ್ದರೆ ಸಾಕು, ಭರತವಾಕ್ಯ ನುಡಿಯಿರಿ ಎಂದು ಅಪ್ಪಣೆ. ಅರಸ ಕದನದಲ್ಲಿ ಮಡಿದು ವರ್ಷವಾಗಿತ್ತು. ತಂದೆಯ ಮುಖ ಕಾಣದೆ ಹುಟ್ಟಿದ ಹತ್ತು ತಿಂಗಳ ಮಗುವಿನ ಹೆಸರಿನಲ್ಲಿ ಅದರ ತಾಯಿ ಹೊನ್ನಲದೇವಿ ರಾಜ್ಯವನ್ನು ನಡೆಸುತ್ತಿದ್ದಳು. ಅವಳ ಪೀಠವಿದ್ದದ್ದು ಮೇಲಿನ ಪಡಸಾಲೆಯಲ್ಲಿ, ತೆಳುವಾದ ತೆರೆಯ ಹಿಂದೆ. ಪಡುವಣ ಕಿಟಕಿಯ ಬಿಸಿಲಿನಿಂದ ಅವಳ ನೆರಳು, ಮಡಿಲ ಮಗುವಿನ ನೆರಳು ತೆರೆಯ ಮೇಲೆ ಬಿದ್ದು ಸಭೆಗೆಲ್ಲ ಕಾಣುತ್ತಿದ್ದವು. ತಟ್ಟೆ ಹಿಡಿದ ಎರಡು ಕೈಗಳು ಮಾತ್ರ ತೆರೆಯ ಸೀಳಿನಿಂದ ಹೊರಗೆ ಬರುತ್ತಿದ್ದವು.

ಸೋವರಸನಿಗೆ ಅರುವತ್ತು ವರ್ಷ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿದ್ದದ್ದು ಒಬ್ಬಳೇ ಮಗಳು ಮಾಳಲೆ. ಇಪ್ಪತ್ತಾರು ತುಂಬಿದ್ದರೂ ಮದುವೆಯ ಮಾತೆತ್ತಿದಾಗಲೆಲ್ಲ ಅವಳು, “ಈ ಓಲೆಯ ಕಟ್ಟು ಮುಗಿಯಲಿ, ಅಪ್ಪಯ್ಯ” ಎನ್ನುತ್ತಿದ್ದಳು. ಒಂದು ಕಟ್ಟು ಮುಗಿಯುವುದರೊಳಗೆ ಸೋವರಸ ಇನ್ನೊಂದು ನಾಟಕ ಕಟ್ಟುತ್ತಿದ್ದ. ಅವನು ಹೇಳಿದ್ದನ್ನೆಲ್ಲ ತಾಳೆಗರಿಯ ಮೇಲೆ ಬರೆದವಳು ಅವಳೇ. ಓಲೆ ಬರೆಯುವವರು ಎಡಗೈಯ ಹೆಬ್ಬೆರಳ ಉಗುರಿಗೆ ಒಂದು ಕಚ್ಚು ಮಾಡಿಕೊಂಡು, ಉಕ್ಕಿನ ಕಂಟವನ್ನು ಅದರಲ್ಲಿ ಊರಿ ಅಕ್ಷರ ಕೊರೆಯುತ್ತಾರೆ. ತಂದೆಯ ಉಗುರಿನಲ್ಲಿಯೂ ಮಗಳ ಉಗುರಿನಲ್ಲಿಯೂ ಆ ಕಚ್ಚು ಇತ್ತು.

ಹೊಸ ನಾಟಕದ ಹೆಸರು ‘ಪುಷ್ಪದತ್ತೆ’. ಹಡಗು ಹತ್ತಿ ದೂರದೇಶಕ್ಕೆ ಹೋದ ವರ್ತಕನ ಹೆಂಡತಿ ಪುಷ್ಪದತ್ತೆ. ಹಡಗು ಮುಳುಗಿದ ಸಂಗತಿ ಮೊದಲನೆಯ ಅಂಕದಲ್ಲಿಯೇ ನೋಡುವವರಿಗೆ ತಿಳಿಯುತ್ತದೆ, ಅವಳಿಗೆ ತಿಳಿಯುವುದಿಲ್ಲ. ಕುರುಡಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬರುವ ಗಂಡನಿಗಾಗಿ ದಿನಕ್ಕೊಂದು ಮಾಲೆ ಕಟ್ಟುತ್ತಾಳೆ. ನಾಲ್ಕನೆಯ ಅಂಕದಲ್ಲಿ ತೆರೆಯ ಹಿಂದಿನಿಂದ ದೂತನ ದನಿ ಸುದ್ದಿ ತರುತ್ತದೆ.

ಆಟಕ್ಕೆ ಹತ್ತು ದಿನ ಉಳಿದಿದ್ದಾಗ ಮಾಳಲೆ ಕಂಟವನ್ನು ಕೆಳಗಿಟ್ಟು ಕೇಳಿದಳು. “ಅಪ್ಪಯ್ಯ, ಇವಳಿಗೆ ಕೊನೆಯವರೆಗೂ ಗೊತ್ತೇ ಇಲ್ಲವೇ?”

“ಗೊತ್ತಿದ್ದರೆ ನಾಟಕವೆಲ್ಲಿ ಉಳಿಯಿತು, ಮಗಳೇ? ನೋಡುವವನಿಗೆ ಗೊತ್ತಿರಬೇಕು, ಪಾತ್ರಕ್ಕೆ ಗೊತ್ತಿರಬಾರದು. ಅವಳು ಮಲ್ಲಿಗೆಯ ಮೊಗ್ಗು ಆರಿಸುವಾಗ ಸಭೆ ಉಸಿರು ಬಿಗಿಹಿಡಿಯುವುದು ಅದಕ್ಕಾಗಿ.”

“ಹಾಗಾದರೆ ಜನ ಅವಳಿಗಾಗಿ ಮರುಗುತ್ತಾರೆ, ಅಷ್ಟೆ. ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು ಎಂದು ಕೊನೆಯಲ್ಲಿ ತಿಳಿದರೆ? ಗೊತ್ತಿದ್ದೂ ಆ ಮುದುಕಿಗಾಗಿ ಹೂ ಕಟ್ಟುತ್ತಿದ್ದಳು ಎಂದರೆ? ಆಗ ಅಷ್ಟೂ ಮಾಲೆಗಳನ್ನು ಜನ ಮನಸ್ಸಿನಲ್ಲೇ ಮತ್ತೊಮ್ಮೆ ನೋಡಬೇಕಾಗುತ್ತದೆ.”

ಸೋವರಸ ನಕ್ಕ. “ಓಲೆ ಬರೆಯುವವಳು ಕವಿಯ ಕೆಲಸಕ್ಕೆ ಕೈ ಹಾಕಿದರೆ ಕವಿ ಎಲ್ಲಿಗೆ ಹೋಗಬೇಕು?”

“ಅಡುಗೆಮನೆಗೆ. ಇವತ್ತು ಸಾರಿಗೆ ಉಪ್ಪು ಹಾಕಿದವರು ನೀವು. ಎರಡು ಸಲ ಹಾಕಿದ್ದೀರಿ.”

ಅವಳು ಅಷ್ಟಕ್ಕೆ ಬಿಡಲಿಲ್ಲ. ತನ್ನ ಮನಸ್ಸಿಗೆ ಬಂದ ಮುಕ್ತಾಯವನ್ನು ಬೇರೆ ಓಲೆಗಳಲ್ಲಿ ಬರೆದು ಕಟ್ಟಿನ ಕೆಳಗೆ ಇಟ್ಟಳು. ಕಟ್ಟಿನ ಕೊನೆಯ ಗರಿ, ಭರತವಾಕ್ಯದ್ದು, ಖಾಲಿಯಾಗಿಯೇ ಇತ್ತು. ಅಪ್ಪಣೆಯ ವೀಳ್ಯ ಬರುವ ಮೊದಲು ಅದನ್ನು ಬರೆಯಬಾರದೆಂಬುದು ಓಲೆಕಾರರ ನಂಬಿಕೆ.

ಮರುದಿನ ಬೆಳಿಗ್ಗೆ ದಂಡನಾಯಕ ಗೊಂಕರಸ ಅವರ ಮನೆಗೆ ಬಂದ. ಸೇನೆ ಅವನ ಕೈಯಲ್ಲಿತ್ತು. ಅರಸ ಸತ್ತ ಮೇಲೆ ಅರಮನೆಯ ಕಾವಲಿನ ಹಳಬರನ್ನು ಒಬ್ಬೊಬ್ಬರನ್ನಾಗಿ ತೆಗೆದು ತನ್ನವರನ್ನು ಹಾಕಿದ್ದ. ಹೊನ್ನಲದೇವಿ ದೇವಾಲಯಕ್ಕೆ ಹೋದರೂ ಹಿಂದೆ ಹತ್ತು ಮಂದಿ ನಡೆಯುತ್ತಿದ್ದರು. ಗೌರವಕ್ಕೆಂದು ಅವನು ಹೇಳುತ್ತಿದ್ದ. ಕಾವಲಿಗೆಂದು ಊರಿಗೆ ಗೊತ್ತಿತ್ತು.

“ಕವಿಗಳೇ, ಈ ಸಲದ ನಾಟಕ ಎಷ್ಟು ಹೊತ್ತಿನದು?”

“ನಾಲ್ಕು ಅಂಕಗಳು, ದಂಡನಾಯಕರೇ. ಸೂರ್ಯ ಪಡುವಣ ಗುಡ್ಡವನ್ನು ಮುಟ್ಟುವ ಹೊತ್ತಿಗೆ ಮುಗಿಯುತ್ತದೆ.”

“ಮುಟ್ಟುವ ಮೊದಲೋ, ಮುಟ್ಟಿದ ಮೇಲೋ?”

“ಅದು ನಟರ ಉಸಿರನ್ನು ಹೊಂದಿಕೊಂಡಿದೆ.”

“ಇರಲಿ. ಭರತವಾಕ್ಯದ ಶಂಖ ಕೋಟೆಬಾಗಿಲಿಗೆ ಕೇಳಿಸುತ್ತದೆಯೇ?”

“ಹೊಳೆಯ ಆಚೆಗೂ ಕೇಳಿಸುತ್ತದೆ.”

ಗೊಂಕರಸ ತೃಪ್ತಿಯಿಂದ ತಲೆಯಾಡಿಸಿ ಹೊರಟ. ಮೆಟ್ಟಿಲು ಇಳಿಯುವಾಗ ಮತ್ತೆ ತಿರುಗಿ, “ಒಂದೇ ಸಲ ಊದುತ್ತಾರಲ್ಲವೇ?” ಎಂದು ಕೇಳಿದ.

ಅವನು ಹೋದ ಮೇಲೆ ಮಾಳಲೆ ಒಳಗಿನಿಂದ ಬಂದಳು. “ಹೋದ ವರ್ಷ ಎರಡನೆಯ ಅಂಕದಲ್ಲೇ ಗೊರಕೆ ಹೊಡೆದವರಿಗೆ ಈ ಸಲ ಶಂಖದ ಮೇಲೆ ಇಷ್ಟು ಪ್ರೀತಿ!”

ಸೋವರಸ ನಗಲಿಲ್ಲ. ಪಾತ್ರವೊಂದು ತನಗೆ ಸಂಬಂಧವಿಲ್ಲದ ಸಂಗತಿಯನ್ನು ಮತ್ತೆ ಮತ್ತೆ ಕೇಳಿದರೆ ಮುಂದಿನ ಅಂಕದ ಬೀಜ ಅಲ್ಲಿದೆಯೆಂದು ನಲವತ್ತು ವರ್ಷದಿಂದ ಶಿಷ್ಯರಿಗೆ ಹೇಳಿಕೊಟ್ಟವನು ಅವನು. ಊರಿನ ಹಿರಿಯರೆಲ್ಲ ಒಳಗೆ ಆಯುಧವಿಲ್ಲದೆ ಕುಳಿತಿರುವಾಗ, ಶಂಖದ ಸದ್ದಿಗೆ ಕೋಟೆಬಾಗಿಲು ಮುಚ್ಚಿದರೆ, ತಾಯಿಮಗುವನ್ನು ಹಿಡಿಯುವುದಕ್ಕೆ ಎಷ್ಟು ಹೊತ್ತು ಬೇಕು? ಮಗು ಸತ್ತರೆ ಸಿಂಹಾಸನಕ್ಕೆ ಬೇರೆ ವಾರಸುದಾರನಿರಲಿಲ್ಲ.

ನಾಟಕದ ಸಾರವನ್ನು ಅರಸಿಗೆ ಮುಂಚಿತವಾಗಿ ಓದಿ ಹೇಳುವುದು ರೂಢಿ. ಓಲೆಯ ಕಟ್ಟನ್ನು ಎದೆಗವಚಿಕೊಂಡು ಒಳಗೆ ಹೋಗುವ ಮಾಳಲೆಯನ್ನು ಕಾವಲಿನವರು ತಡೆಯುತ್ತಿರಲಿಲ್ಲ. ತಂದೆಯ ಸಂಶಯವನ್ನೂ ಹೊತ್ತು ಅವಳು ಮೂರು ದಿನ ಹೋಗಿ ಬಂದಳು. ನಾಲ್ಕನೆಯ ದಿನ ತಂದೆಯೆದುರು ಕುಳಿತು, ಅಂಕದ ವಿವರ ಹೇಳುವ ದನಿಯಲ್ಲಿಯೇ ಹೇಳಿದಳು.

“ಅರಸಿಯವರಿಗೆ ಎಲ್ಲ ಗೊತ್ತಿದೆ, ಅಪ್ಪಯ್ಯ. ಅರಮನೆಯಲ್ಲಿ ಅವರನ್ನು ನೋಡದ ಕಣ್ಣಿಲ್ಲ. ನೋಡದಿರುವ ಜಾಗ ಒಂದೇ, ನಾಟ್ಯಶಾಲೆ. ಅಲ್ಲಿ ನೋಡುವುದು ನೆರಳನ್ನು. ಅವರ ಎತ್ತರವೂ ನನ್ನ ಎತ್ತರವೂ ಒಂದೇ. ಎರಡನೆಯ ಅಂಕದ ಹಾಡಿನಲ್ಲಿ ಅವರು ಪಡಸಾಲೆಯ ಮೆಟ್ಟಿಲಿಳಿದು ನಟರ ನೇಪಥ್ಯದ ಕೋಣೆಗೆ ಬರಲಿ. ಮಗುವನ್ನು ವೇಷದ ಬುಟ್ಟಿಯಲ್ಲಿ ಮಲಗಿಸಿಕೊಂಡು ಹಿಂಬಾಗಿಲಿನಿಂದ ಹರಿಗೋಲು ಹತ್ತಲಿ. ಹೊಳೆಯ ಆಚೆ ಬಯಲು ದಾಟಿ ಬಿದಿರೂರ ಕೋಟೆ ಸೇರಿದರೆ ಅವರ ಅಣ್ಣನ ಸೇನೆಯಿದೆ. ಸೂರ್ಯಾಸ್ತದವರೆಗೆ ಹೊತ್ತು ಬೇಕು. ಅದಕ್ಕೆ ಮೊದಲು ಶಂಖ ಊದಿದರೆ ಬಯಲಿನಲ್ಲಿ ಕುದುರೆಯವರು ಹಿಡಿಯುತ್ತಾರೆ.”

“ನೀನು?”

“ನಾನು ದಿಂಬೊಂದನ್ನು ಮಡಿಲಲ್ಲಿ ತೂಗುತ್ತ ಕೂತಿರುತ್ತೇನೆ. ನೀವು ಭರತವಾಕ್ಯ ನುಡಿಯುವಾಗ ಸಭೆಯೆಲ್ಲ ಕಣ್ಣು ಮುಚ್ಚಿ ತಲೆಬಾಗುತ್ತದಲ್ಲ, ಆಗ ಅದೇ ಮೆಟ್ಟಿಲಿಳಿದು ಬಂದುಬಿಡುತ್ತೇನೆ. ಎಷ್ಟು ನಾಟಕ ಬರೆದಿದ್ದೇನೆ, ಒಂದರಲ್ಲಾದರೂ ಪಾತ್ರ ಕೊಟ್ಟಿದ್ದೀರಾ?”

ಸೋವರಸ ಕೆಳಗಿದ್ದ ಓಲೆಗಳನ್ನು ಒಂದೊಂದಾಗಿ ಕಟ್ಟಿಗೆ ಸೇರಿಸಿದ. ಕೊನೆಗೆ, “ಬೆರಳಿನ ಮಸಿ?” ಎಂದ.

“ಮದರಂಗಿ ಹಚ್ಚಿಕೊಳ್ಳುತ್ತೇನೆ.”

ಅವರು ಎಲ್ಲವನ್ನೂ ಯೋಚಿಸಿದರು: ಅರಸಿಯ ಬಳೆಗಳು, ಮುಡಿಯ ಎತ್ತರ, ತಟ್ಟೆ ಹೊರಚಾಚುವ ವೇಗ. ಉಗುರಿನ ಕಚ್ಚನ್ನು ಮಾತ್ರ ಇಬ್ಬರೂ ಮರೆತರು. ಆ ಮನೆಯಲ್ಲಿ ಎಲ್ಲರ ಹೆಬ್ಬೆರಳೂ ಹಾಗೆಯೇ ಇತ್ತು.

ಮಾಳಲೆ ಅರಸಿಯ ದಾಸಿಯರ ಜೊತೆ ಸೇರಿ ಪಡಸಾಲೆ ಹತ್ತಿದ ಮೇಲೆ ನಾಂದಿಯಾಯಿತು, ಅಗಳಿ ಬಿತ್ತು. ಸೂತ್ರಧಾರನ ವೇಷದಲ್ಲಿ ಸೋವರಸ ರಂಗಕ್ಕೆ ಬಂದು ಸಭೆಗೆ ಕೈಮುಗಿದ. ಗೊಂಕರಸ ಮುಂದಿನ ಸಾಲಿನ ನಡುವೆ ಕುಳಿತಿದ್ದ. ಅವನ ಕರಣಿಕ ದೇಮಯ್ಯ, ದಂಡನಾಯಕನ ಪತ್ರಗಳನ್ನೆಲ್ಲ ಬರೆಯುವ ಬಡಕಲು ಮನುಷ್ಯ, ಅರಸಿಯ ಪಡಸಾಲೆಗೆ ಹತ್ತುವ ಮೆಟ್ಟಿಲ ಪಕ್ಕದಲ್ಲಿದ್ದ.

ಮೊದಲನೆಯ ಅಂಕದಲ್ಲಿ ಹಡಗು ಮುಳುಗಿತು. ತೆರೆಯ ಸೀಳಿನಿಂದ ಬಂದ ತಟ್ಟೆಯಲ್ಲಿ ಸಂಪಿಗೆಯ ಹೂವಿತ್ತು. ಎರಡನೆಯ ಅಂಕದಲ್ಲಿ ಪುಷ್ಪದತ್ತೆಯ ಪಾತ್ರದ ನಟಿ ಚಟ್ಟಲೆ ಮಾಲೆ ಕಟ್ಟುತ್ತ ಹಾಡಿದಳು. ಮೆಟ್ಟಿಲ ಪಕ್ಕದ ದೇಮಯ್ಯನದೂ ಸೇರಿ ಸಭೆಯ ಕಣ್ಣೆಲ್ಲ ಅವಳ ಬೆರಳುಗಳ ಮೇಲಿದ್ದಾಗ ಪಡಸಾಲೆಯ ನೆರಳು ಒಮ್ಮೆ ಬಾಗಿ, ಮತ್ತೆ ನೇರವಾಯಿತು. ಆ ಅಂಕ ಮುಗಿದಾಗ ಹೂವಿನ ತಟ್ಟೆಯನ್ನು ಪೀಠದ ದಾಸಿಯೇ ಹೊರಗಿಟ್ಟಳು. ಮಗು ಎಚ್ಚರವಾಗಿ ಅರಸಿಗೆ ಕೈ ಬಿಡುವಿಲ್ಲವೆಂದು ಸಭೆ ತಿಳಿಯಿತು. ನೇಪಥ್ಯದ ಹಿಂಬಾಗಿಲು ತೆರೆದು ಮುಚ್ಚಿದ ಸದ್ದನ್ನು ಕೇಳಿಸಿಕೊಂಡವನು ಸೋವರಸ ಒಬ್ಬನೇ.

ಮೂರನೆಯ ಅಂಕದ ಕೊನೆಯಲ್ಲಿ ಮಾಳಲೆಯ ಕೈಗಳು ತಟ್ಟೆಯನ್ನು ಹೊರಗೆ ಚಾಚಿದವು. ಬಳೆ ಸರಿಯಾಗಿತ್ತು, ಮದರಂಗಿ ಸರಿಯಾಗಿತ್ತು, ವೇಗವೂ ಸರಿಯಾಗಿತ್ತು. ದೇಮಯ್ಯ ತಲೆಯೆತ್ತಿ ನೋಡಿದ. ಎಡಗೈಯ ಹೆಬ್ಬೆರಳ ಉಗುರಿನ ಮೇಲೆ ಬಿಸಿಲು ಬಿದ್ದಿತ್ತು. ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಮತ್ತೆ ಮೇಲೆ ನೋಡಿದ. ಅರಸಿ ಓಲೆ ಬರೆಯುವವಳಲ್ಲ. ಏಳಬಾರದೆಂಬುದು ಕಟ್ಟಳೆ, ತೆವಳಬಾರದೆಂದು ಯಾರೂ ಹೇಳಿರಲಿಲ್ಲ. ಅವನು ಕುಳಿತಲ್ಲೇ ಸರಿದು ಗೊಂಕರಸನ ಕಿವಿಯಲ್ಲಿ ಏನೋ ಹೇಳಿ, ಮತ್ತೆ ಸರಿಯುತ್ತ ಬಂದು ಪಡಸಾಲೆಯ ಮೆಟ್ಟಿಲಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟ. ಮಾಳಲೆ ಇಳಿದುಬರಬೇಕಾಗಿದ್ದ ದಾರಿ ಅದೊಂದೇ.

ಅಂಕಗಳ ನಡುವೆ ಸೂತ್ರಧಾರ ಮುಂದಿನ ಸಾಲಿನ ಹಿರಿಯರಿಗೆ ಗಂಧ ಹಚ್ಚುವುದು ಪದ್ಧತಿ. ಸೋವರಸ ಬಾಗಿ ಗೊಂಕರಸನ ಕೈಗೆ ಗಂಧ ಹಚ್ಚಿದಾಗ ಅವನು ಕವಿಯ ಕೈಯನ್ನು ಹಿಡಿದುಕೊಂಡು ಬಿಡಲಿಲ್ಲ.

“ನಿಮ್ಮ ಮಗಳು ಚೆನ್ನಾಗಿ ಅಭಿನಯಿಸುತ್ತಾಳೆ, ಕವಿಗಳೇ.” ಅವನ ಮುಖದ ಮೇಲೆ ನಗುವಿತ್ತು. “ನಾನು ಈಗ ಎದ್ದು ಕೂಗಬಹುದು. ಆದರೆ ನಾಳೆ ಈ ಪೀಠದ ಮೇಲೆ ಕೂರಬೇಕಾದವನು ಇಷ್ಟು ಜನರೆದುರು ಅಪಶಕುನ ಮಾಡಿಕೊಳ್ಳಬಾರದಲ್ಲ. ಈಗಲೇ ಭರತವಾಕ್ಯ ನುಡಿಯಿರಿ. ಹೋದವಳು ಇನ್ನೂ ಬಯಲಿನಲ್ಲಿದ್ದಾಳೆ, ನನ್ನ ಕುದುರೆಗಳಿಗೆ ಅಷ್ಟು ಸಾಕು. ನಿಮ್ಮ ಮಗಳನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋಗಿ. ಸೂರ್ಯ ಮುಳುಗುವವರೆಗೆ ಎಳೆದಿರೋ, ಆ ತೆರೆಯ ಹಿಂದೆ ಇದ್ದವರು ಯಾರೇ ಆಗಲಿ, ನನ್ನವರು ಕೇಳಿ ತಿಳಿದುಕೊಳ್ಳುವುದಿಲ್ಲ.”

ಸೋವರಸ ರಂಗಕ್ಕೆ ಮರಳಿದ. ಸೂರ್ಯ ಗುಡ್ಡದ ಮೇಲೆ ಇನ್ನೂ ಎರಡಾಳು ಎತ್ತರದಲ್ಲಿದ್ದ. ಭರತವಾಕ್ಯ ನಾಲ್ಕೇ ಸಾಲು. ಅದು ಅವನ ನಾಲಗೆಯ ತುದಿಗೆ ಬಂದಿತ್ತು. ಅರಸನ ಉಪ್ಪನ್ನು ನಲವತ್ತು ವರ್ಷ ತಿಂದವನು ತಾನೆಂಬುದು ಆ ಕ್ಷಣದಲ್ಲಿ ಅವನಿಗೆ ನೆನಪಾಗಲಿಲ್ಲ. ಮಾಳಲೆ ಮೂರು ವರ್ಷದ ಮಗುವಾಗಿದ್ದಾಗ ಮಸಿಯ ಕುಡಿಕೆಯನ್ನು ತಲೆಯ ಮೇಲೆ ಸುರಿದುಕೊಂಡು ಬಾಗಿಲಲ್ಲಿ ನಿಂತದ್ದು ನೆನಪಾಯಿತು. ಬಾಯಿ ತೆರೆದ. ಆದರೆ ಅಲ್ಲಿ ಕುಳಿತವಳು ತನ್ನ ಪಾತ್ರವನ್ನು ತಾನೇ ಆರಿಸಿಕೊಂಡವಳು. ಅವಳ ಬದಲು ಅವಳ ಮಾತನ್ನು ಆಡುವ ಅಧಿಕಾರ ತಂದೆಗೆ ಇದೆಯೇ ಎಂದು ಅವನಿಗೆ ತಿಳಿಯಲಿಲ್ಲ. ಕೇಳುವುದಕ್ಕೆ ಅವನ ಬಳಿ ಒಂದೇ ದಾರಿ ಇತ್ತು, ರಂಗದ ದಾರಿ.

“ಸಭಿಕರೇ,” ಎಂದ. ಓಲೆಯಲ್ಲಿ ಇಲ್ಲದ ಮಾತು ಅದು. ನಾಟಕವನ್ನು ಅಕ್ಷರ ಅಕ್ಷರವಾಗಿ ಬರೆದ ಒಬ್ಬಳಿಗೆ ಮಾತ್ರ ಅದು ಹೊಸದೆಂದು ತಿಳಿಯುವಂತಿತ್ತು. “ಸಭಿಕರೇ, ಕತೆ ಹೇಳುವವನಿಗೆ ಒಂದು ಕಷ್ಟ ಬಂದಿದೆ. ಈ ಮನೆಯೊಳಗೆ ಕೂತವಳ ಗುಟ್ಟು ಬಾಗಿಲಲ್ಲಿ ನಿಂತ ದೂತನಿಗೆ ತಿಳಿದುಹೋಗಿದೆ. ಹೊರಗೆ ಹೋಗುವ ಮೆಟ್ಟಿಲಲ್ಲಿ ಅವನು ಕೂತುಬಿಟ್ಟಿದ್ದಾನೆ. ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಇವಳು ಉಳಿಯುತ್ತಾಳೆ, ಹಡಗು ಉಳಿಯುವುದಿಲ್ಲ. ಮುಂದುವರಿಸಿದರೆ ಹಡಗು ದಡ ಸೇರುತ್ತದೆ, ಇವಳು ಉಳಿಯುವುದಿಲ್ಲ. ಹೇಳುವವನು ಮುದುಕ, ಇವಳು ಅವನಿಗೆ ಒಬ್ಬಳೇ. ಪೀಠದ ಅಪ್ಪಣೆಯೇನು?”

ಹಡಗು ಆಗಲೇ ಮುಳುಗಿದೆಯಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಹೊಸ ಚಮತ್ಕಾರವಿರಬೇಕೆಂದು ಇನ್ನೊಬ್ಬರು ಸುಮ್ಮನಾಗಿಸಿದರು. ಗೊಂಕರಸ ತೆರೆಯನ್ನೇ ನೋಡುತ್ತಿದ್ದ.

ಸೋವರಸ ವೀಳ್ಯಕ್ಕಾಗಿ ಪ್ರಾರ್ಥಿಸಿದ. ರಾಜ್ಯ ಮುಳುಗಿದರೂ ಸರಿ, ಹಸುಗೂಸು ಶತ್ರುವಿನ ಕೈ ಸೇರಿದರೂ ಸರಿ, ಆ ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಕೆ ಬರಲಿ ಎಂದು ತನ್ನ ಮನೆದೇವರನ್ನು ಬೇಡಿಕೊಂಡ. ಅದನ್ನು ಅವನು ಮುಂದೆ ಎಂದೂ ಯಾರಿಂದಲೂ ಮುಚ್ಚಿಡಲಿಲ್ಲ.

ತೆರೆಯ ಮೇಲಿನ ನೆರಳು ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ದಿಂಬನ್ನು ಮೆಲ್ಲನೆ ಎಡಮಡಿಲಿಗೆ ಸರಿಸಿತು. ಕೈಗಳು ಹೊರಗೆ ಬಂದವು. ತಟ್ಟೆ ನಡುಗಲಿಲ್ಲ. ಅದರಲ್ಲಿ ಸಂಪಿಗೆಯ ಹೂವಿತ್ತು.

ನೇಪಥ್ಯದ ಕೋಣೆಯಲ್ಲಿ ಚಟ್ಟಲೆ ಅವನ ಮುಖ ನೋಡಿ ಹೆದರಿದಳು. “ಗುರುಗಳೇ, ಏನಾಯಿತು?”

“ಕೊನೆಯ ಅಂಕ ಬದಲಾಗಬೇಕು. ಕಟ್ಟಿನ ಕೆಳಗೆ ಮಾಳಲೆ ಬರೆದಿಟ್ಟ ಓಲೆಗಳಿವೆ. ಈಗ ಓದಿಕೊಂಡು ಆಡುವುದಕ್ಕೆ ಆಗುತ್ತದೆಯೇ?”

“ಓದುವುದೇಕೆ? ನನಗೆ ಬಾಯಿಪಾಠವಿದೆ. ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವಾಗ ಅಕ್ಕ ಹೇಳಿಕೊಟ್ಟಿದ್ದಳು. ಅಪ್ಪಯ್ಯ ಒಂದು ದಿನ ಒಪ್ಪಿಯೇ ಒಪ್ಪುತ್ತಾರೆ, ತಯಾರಾಗಿರು ಎಂದಿದ್ದಳು.”

ನಾಲ್ಕನೆಯ ಅಂಕ ಅಂದು ಎಂದಿಗಿಂತ ದೀರ್ಘವಾಯಿತು. ದೂತ ಬಾಗಿಲು ತಟ್ಟಿದ. ಪುಷ್ಪದತ್ತೆ ಮಾಲೆಯ ಗಂಟು ಮುಗಿಸಿ ಬರುತ್ತೇನೆಂದಳು. ಮತ್ತೆ ತಟ್ಟಿದ, ಅತ್ತೆಗೆ ಗಂಜಿ ಕುಡಿಸಿ ಬರುತ್ತೇನೆಂದಳು. ಸುದ್ದಿ ಗೊತ್ತಿದ್ದ ಸಭೆ ಒಂದೊಂದು ತಟ್ಟಿಗೂ ಕುಳಿತಲ್ಲೇ ಕುಗ್ಗಿತು. ಹೆಂಗಸರ ಸಾಲಿನಲ್ಲಿ ಯಾರೋ, “ಬಾಗಿಲು ತೆಗೆಯಬೇಡ, ತಾಯಿ” ಎಂದು ಗಟ್ಟಿಯಾಗಿಯೇ ಕೂಗಿದರು. ಸೋವರಸ ರಂಗದ ಅಂಚಿನಲ್ಲಿ ನಿಂತು ಕಂಬದ ಮೇಲೆ ಏರುವ ಬಿಸಿಲಿನ ಗೆರೆಯನ್ನು ನೋಡುತ್ತಿದ್ದ. ಆ ಗೆರೆ ಬೇಗ ಏರಲಿ, ಅರಸಿ ಕೋಟೆ ಸೇರಲಿ ಎಂದು ಅವನ ಅರ್ಧ ಮನಸ್ಸು ಬೇಡುತ್ತಿತ್ತು. ಉಳಿದ ಅರ್ಧ ಅದು ಏರದಿರಲಿ ಎಂದು ಬೇಡುತ್ತಿತ್ತು. ಮೇಲೆ ನೆರಳು ತನ್ನ ದಿಂಬನ್ನು ತೂಗುತ್ತಿತ್ತು.

ಕೊನೆಗೆ ತೆರೆಯ ಹಿಂದಿನಿಂದ ದೂತನ ದನಿ ಬಂತು. ಕುರುಡಿ ಅತ್ತೆ ಕಿರುಚಿ ನೆಲಕ್ಕೆ ಕುಸಿದಳು. ಚಟ್ಟಲೆ ಅಳಲಿಲ್ಲ. ಕೈಯಲ್ಲಿದ್ದ ಮಾಲೆಯ ಕೊನೆಯ ಹೂವನ್ನು ಪೋಣಿಸಿ, ದಾರ ಕಡಿದು, ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ನನಗೆ ಗೊತ್ತಿತ್ತು, ಅತ್ತೆ. ಮೊದಲ ದಿನದಿಂದಲೇ ಗೊತ್ತಿತ್ತು. ಇಷ್ಟು ದಿನ ಹೂ ಕಟ್ಟಿದ್ದು ಬರುವವರಿಗಲ್ಲ. ಕಾಯುತ್ತಿದ್ದ ನಿಮಗೆ.”

 ಸಭೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಕ್ಕು ಕೇಳಿಸಿತು. ಮಗಳು ಹೇಳಿದ್ದು ಸರಿ ಎಂದು ಸೋವರಸನಿಗೆ ಅರ್ಥವಾಯಿತು. ಜನ ಅಷ್ಟೂ ಮಾಲೆಗಳನ್ನು ಮನಸ್ಸಿನಲ್ಲಿ ಮತ್ತೊಮ್ಮೆ ನೋಡುತ್ತಿದ್ದರು. ಅವನು ಮಾತ್ರ ಬೇರೆಯದನ್ನು ನೋಡುತ್ತಿದ್ದ. ತೆರೆಯತ್ತ ಮುಖವೆತ್ತಿ, ಅಪ್ಪಣೆಯಿಲ್ಲದೆಯೇ, “ನೀನು ಬರೆದದ್ದೇ ಚೆನ್ನಾಗಿದೆ, ಮಗಳೇ” ಎಂದ. ಪುಷ್ಪದತ್ತೆಗೆ ಹೇಳಿದನೆಂದು ಸಭೆ ತಿಳಿಯಿತು.

ಬಿಸಿಲಿನ ಗೆರೆ ಕಂಬದ ತುದಿ ಮುಟ್ಟಿ ಅಳಿಸಿಹೋಯಿತು. ತಟ್ಟೆ ಹೊರಗೆ ಬಂತು. ಈ ಸಲ ವೀಳ್ಯವಿತ್ತು. ಸೋವರಸ ನಾಲ್ಕು ಸಾಲುಗಳನ್ನು ತಪ್ಪಿಲ್ಲದೆ ನುಡಿದ. ಸಭೆ ಕಣ್ಣು ಮುಚ್ಚಿ ತಲೆಬಾಗಿತು. ದೇಮಯ್ಯ ಕಣ್ಣು ಮುಚ್ಚಲಿಲ್ಲ, ಮೆಟ್ಟಿಲು ಬಿಡಲಿಲ್ಲ. ಶಂಖ ಮೊಳಗಿತು. ಅಗಳಿ ತೆಗೆದ ಕ್ಷಣವೇ ಗೊಂಕರಸನ ಭಟರು ಬಿಚ್ಚುಗತ್ತಿ ಹಿಡಿದು ಒಳನುಗ್ಗಿದರು.

ಸಾವನ್ನು ರಂಗದ ಮೇಲೆ ತೋರಿಸಬಾರದೆಂಬುದು ನಾಟಕದ ನಿಯಮ. ತೋರಿಸಿದರೆ ಕಣ್ಣು ಮಾತ್ರ ನೋಡುತ್ತದೆ, ತೆರೆಯ ಹಿಂದೆ ಇಟ್ಟರೆ ಮನಸ್ಸು ನೋಡುತ್ತದೆ ಎಂದು ಸೋವರಸ ಹೇಳಿಕೊಡುತ್ತಿದ್ದ. ಆ ಸಂಜೆ ತೆರೆಯ ಹಿಂದೆ ನಡೆದುದನ್ನು ಇಲ್ಲಿಯೂ ಹೇಳುವುದಿಲ್ಲ. ಭಟರು ಹೊರಬಂದಾಗ ಒಬ್ಬನ ಕೈಯಲ್ಲಿ ಸೀಳಿದ ದಿಂಬು ಇತ್ತು. ಅದರ ಬೂರುಗದ ಹತ್ತಿ ಬಹಳ ಹೊತ್ತು ಸಭೆಯ ಮೇಲೆ ಹಾರಾಡಿತು. ಮುದುಕನನ್ನು ಏನು ಮಾಡೋಣವೆಂದು ಆ ಭಟ ದಂಡನಾಯಕನನ್ನು ಕೇಳಿದ.

“ಬಿಟ್ಟುಬಿಡಿ,” ಎಂದ ಗೊಂಕರಸ. “ಕತೆ ಹೇಳುವವನಲ್ಲವೇ? ಇದನ್ನೂ ಹೇಳಿಕೊಂಡು ಬದುಕಲಿ.”

ಅಷ್ಟು ಹೊತ್ತಿಗೆ ಬಿದಿರೂರ ಕೋಟೆಯ ಬಾಗಿಲು ತಾಯಿಮಗುವನ್ನು ಒಳಗೆ ಕರೆದುಕೊಂಡು ಮುಚ್ಚಿತ್ತು. ಒಂಬತ್ತನೆಯ ದಿನ ಹೊನ್ನಲದೇವಿ ಅಣ್ಣನ ಸೇನೆಯೊಡನೆ ಮಣಲಕೋಟೆಯ ಮುಂದೆ ನಿಂತಾಗ ಯುದ್ಧವೇ ಆಗಲಿಲ್ಲ. ನಾಟ್ಯಶಾಲೆಯಲ್ಲಿ ಹೆಣ್ಣಿನ ರಕ್ತ ಚೆಲ್ಲಿದವನ ಜೊತೆ ನಿಲ್ಲುವುದಕ್ಕೆ ಸೈನಿಕರು ಒಪ್ಪಲಿಲ್ಲ. ಊರಿನ ಕಮ್ಮಾರರೇ ಕೋಟೆಬಾಗಿಲ ಬೀಗ ಒಡೆದರು. ಗೊಂಕರಸನೂ ದೇಮಯ್ಯನೂ ಹೊಳೆ ದಾಟುವಾಗ ಸಿಕ್ಕಿಬಿದ್ದರು.

ಅರಸಿ ಮೊದಲು ಹೋದದ್ದು ಅರಮನೆಗಲ್ಲ, ಕವಿಯ ಮನೆಗೆ. ಸೋವರಸ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ.

“ಏನು ಕೇಳಿದರೂ ಕೊಡಬೇಕಾದವಳು ನಾನು, ಸೋವರಸರೇ. ಆದರೆ ಕೊಡುವಂಥದು ನನ್ನ ಬಳಿ ಏನೂ ಇಲ್ಲ.”

“ಇಲ್ಲ, ತಾಯಿ,” ಎಂದ ಅವನು. “ಅವಳು ಹೂವಿನ ತಟ್ಟೆ ಕೊಟ್ಟಾಗ ನಾನು ವೀಳ್ಯ ಬೇಡುತ್ತಿದ್ದೆ. ಸ್ವಾಮಿನಿಷ್ಠೆ ಅವಳದು. ನನ್ನದಲ್ಲ.”

ಅರಸಿ ಅವನೆದುರು ನೆಲದ ಮೇಲೆ ಕುಳಿತಳು. “ಹಾಗಾದರೆ ಅವಳ ಓಲೆಯ ಕಟ್ಟನ್ನಾದರೂ ನನಗೆ ಕೊಡಿ.”

“ಅದು ಪೂರ್ತಿಯಾಗಿಲ್ಲ. ಕೊನೆಯ ಗರಿ ಖಾಲಿಯಿದೆ.”

“ಗೊತ್ತು,” ಎಂದಳು ಅರಸಿ.

ಸೋವರಸ ಮತ್ತೆ ನಾಟಕ ಬರೆಯಲಿಲ್ಲ. ವರ್ಷ ಕಳೆಯಿತು. ವಸಂತೋತ್ಸವದ ಕೊನೆಯ ದಿನ ‘ಪುಷ್ಪದತ್ತೆ’ಯನ್ನೇ ಮತ್ತೆ ಆಡಬೇಕೆಂದು ಅರಮನೆಯಿಂದ ಅಪ್ಪಣೆ ಬಂತು. ಸೂತ್ರಧಾರನಾಗಿ ಅವನೇ ನಿಂತ. ಚಟ್ಟಲೆ ಮಾಳಲೆಯ ಮಾತುಗಳನ್ನು ಆಡಿದಳು. ನಾಲ್ಕು ಅಂಕವೂ ಮುಗಿಯಿತು, ಹೊತ್ತು ಗುಡ್ಡ ಮುಟ್ಟಿತು. ಅವನು ಭರತವಾಕ್ಯಕ್ಕೆಂದು ರಂಗದ ನಡುವೆ ಬಂದು ನಿಂತ. ತಟ್ಟೆಯತ್ತ ನೋಡುವ ಧೈರ್ಯ ಅವನಿಗಿರಲಿಲ್ಲ. ನಾಲ್ಕು ಸಾಲೂ ಮರೆತುಹೋಗಿದ್ದವು. ಸಭೆ ಕಾದಿತು. 

ಪೀಠದ ದಾಸಿ ತೆರೆಯ ಸೀಳನ್ನು ಅಗಲ ಮಾಡಿದಳು. ಎರಡು ಕೈಗಳು ಹೊರಗೆ ಬಂದವು. ಸೋವರಸ ಬೇಡವೆಂದುಕೊಂಡರೂ ತಲೆಯೆತ್ತಿದ. ಬೆಳ್ಳಿತಟ್ಟೆಯಲ್ಲಿ ವೀಳ್ಯವಿತ್ತು. ವೀಳ್ಯದ ಪಕ್ಕದಲ್ಲಿ ಒಂದು ಓಲೆಗರಿ. ತಟ್ಟೆಯ ಅಂಚನ್ನು ಹಿಡಿದ ಎಡಗೈಯ ಹೆಬ್ಬೆರಳ ಉಗುರಿನಲ್ಲಿ ಒಂದು ಕಚ್ಚು ಇತ್ತು. ಕಲಿಯುವವರು ಮಾಡಿಕೊಂಡಂತೆ ಸ್ವಲ್ಪ ಓರೆಯಾಗಿತ್ತು. ಅರಸಿ ವರ್ಷವಿಡೀ ಕಂಟ ಹಿಡಿದು ಅಭ್ಯಾಸ ಮಾಡಿದ್ದಳು.

ಚಟ್ಟಲೆ ಗರಿಯನ್ನು ತಂದು ಅವನ ಕೈಗೆ ಕೊಟ್ಟಳು. ಮಾಳಲೆ ಖಾಲಿ ಬಿಟ್ಟುಹೋದ ಕೊನೆಯ ಗರಿ ಅದು. ಅಕ್ಷರಗಳು ಸಾಲು ತಪ್ಪಿ ಮೇಲೆ ಕೆಳಗೆ ಹತ್ತಿ ಇಳಿದಿದ್ದವು, ಎರಡು ಕಡೆ ಕಂಟ ಜಾರಿ ಗರಿ ಸೀಳಿತ್ತು. ಸೋವರಸ ಅದನ್ನು ಉಳಿದ ಬೆಳಕಿಗೆ ಹಿಡಿದು ಒಂದೊಂದೇ ಪದವಾಗಿ ಓದಿದ: ಮಳೆ ಹೊತ್ತಿಗೆ ಬರಲಿ, ಹಸುಗಳು ಹಾಲು ಕರೆಯಲಿ, ಮಕ್ಕಳು ತಂದೆತಾಯಿಯರ ಮುಂದೆ ಬಾಳಲಿ, ನಾಡು ನೆಮ್ಮದಿಯಾಗಿರಲಿ. ಮೂರನೆಯ ಸಾಲಿನಲ್ಲಿ ಅವನ ದನಿ ನಿಂತಿತು. ಸಭೆಯೇ ಆ ಸಾಲನ್ನು ಅವನ ಪರವಾಗಿ ಹೇಳಿ ಮುಗಿಸಿತು.

ಶಂಖ ಮೊಳಗಿತು, ಅಗಳಿ ಸರಿಯಿತು. ಆದರೂ ಬಹಳ ಹೊತ್ತು ಯಾರೂ ಏಳಲಿಲ್ಲ.